"ನೋಡೋಕೆ ಹಾಗಿಲ್ಲವಲ್ಲ?" ಅನ್ನೋ ಒಂದು ಪ್ರಶ್ನೆ ಇಡೀ ದ್ವೀಪವನ್ನೇ ನುಂಗಿತು

ಗೆಳೆಯರೇ, ಬರಹ ಉದ್ದ ಇದೆ. ಪೂರ್ತಿ ಓದಿ. ಬೈಯೋದಿದ್ದರೆ ಓದಿದ ಮೇಲೆ ಬೈಯಿರಿ.

ಗರಿನಾಗು ಎಂಬ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಮಧ್ಯ ಅಮೆರಿಕದ ಕೆರಿಬಿಯನ್ ಕಡಲ ದಂಡೆಯ ಉದ್ದಕ್ಕೂ ಬೆಲೀಜ್, ಗ್ವಾಟೆಮಾಲಾ, ಹೊಂಡುರಾಸ್, ನಿಕರಾಗುವಾ ಎಂಬ ನಾಲ್ಕು ದೇಶಗಳಲ್ಲಿ ಹಂಚಿಹೋಗಿರುವ ಜನ ಇವರು. ಒಬ್ಬರಾದರೆ ಗರಿಫುನಾ, ಹಲವರಾದರೆ ಗರಿನಾಗು. ಭಾಷೆಯ ಹೆಸರೂ ಗರಿಫುನಾನೇ. ಬೆಲೀಜ್‌ನಲ್ಲಿರೋರಿಗೆ ಸರ್ಕಾರಿ ಭಾಷೆ ಇಂಗ್ಲಿಷ್, ಉಳಿದ ಮೂರು ಕಡೆ ಸ್ಪ್ಯಾನಿಷ್. ಒಂದೇ ಜನ, ಒಂದೇ ಮಾತು, ಆದರೆ ಶಾಲೆಯ ಪುಸ್ತಕ ಬೇರೆ, ಕಚೇರಿಯ ಅರ್ಜಿ ಬೇರೆ, ಬಾವುಟ ಬೇರೆ. ಗಡಿ ತಾಲೂಕುಗಳಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವರ ವಿಚಾರ ಎತ್ತಿದ ಕೂಡಲೇ ಬೀಳೋ ಮೊದಲ ಪ್ರಶ್ನೆ ಯಾವುದು ಗೊತ್ತಾ? "ನೋಡೋಕೆ ಆಫ್ರಿಕಾದವರ ಥರ ಇದ್ದಾರೆ. ಇವರು ಹೇಗೆ ಅಮೆರಿಕದ ಮೂಲನಿವಾಸಿಗಳಾಗ್ತಾರೆ?"

ಕೇಳೋರು ಬಹಳ ಮುಗ್ಧವಾಗಿ ಕೇಳ್ತಾರೆ. ಆದರೆ ಈ ಪ್ರಶ್ನೆ ಮುಗ್ಧವಲ್ಲ. ಇದಕ್ಕೆ ಇನ್ನೂರೈವತ್ತು ವರ್ಷಗಳ ಚರಿತ್ರೆ ಇದೆ. ಇದೇ ಪ್ರಶ್ನೆಯನ್ನು ಮುಂದಿಟ್ಟು ಇವರ ದ್ವೀಪ ಕಿತ್ತುಕೊಂಡರು. ಸಾವಿರಾರು ಜನರನ್ನು ಸಾವಿಗೆ ದೂಡಿದರು. ಉಳಿದವರನ್ನು ಹಡಗಿಗೆ ತುಂಬಿ ಕಡಲಾಚೆ ಇಳಿಸಿ ಕೈತೊಳೆದುಕೊಂಡರು. ಇವತ್ತು ಇವರ ಹೊಲ ಮತ್ತು ಕಡಲ ದಂಡೆಯ ಮೇಲೆ ಕಣ್ಣಿಟ್ಟಿರೋರ ಬಾಯಲ್ಲೂ ಇದೇ ಪ್ರಶ್ನೆ. ಹಾಗಾಗಿ ನಾವು ಮೊದಲೇ ಸ್ಪಷ್ಟವಾಗಿ ಹೇಳಿಬಿಡ್ತೀವಿ: ಒಂದು ಜನ ಯಾರು ಅನ್ನೋದನ್ನು ಅವರ ಮೈಬಣ್ಣ ನೋಡಿ ತೀರ್ಮಾನಿಸುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ, ಯಾವ ಪಂಡಿತನಿಗೂ ಇಲ್ಲ, ನಮಗೂ ಇಲ್ಲ.

ಕಥೆ ಶುರುವಾಗೋದು ಸೇಂಟ್ ವಿನ್ಸೆಂಟ್ ಎಂಬ ಪುಟ್ಟ ದ್ವೀಪದಿಂದ. ಗರಿನಾಗು ಜನ ಅದನ್ನು ಯುರುಮೇಯ್ನ್ ಅಂತಾರೆ. ಅಲ್ಲಿದ್ದವರು ಕಲಿನಾಗೊ ಜನ, ಯುರೋಪಿನವರ ಬಾಯಲ್ಲಿ 'ಕ್ಯಾರಿಬ್'. 17ನೇ ಶತಮಾನದಿಂದ ಅಲ್ಲಿಗೆ ಆಫ್ರಿಕಾದವರು ಬಂದು ಸೇರಿದರು. ಕೆಲವರು ಒಡೆದುಹೋದ ಗುಲಾಮರ ಹಡಗುಗಳಿಂದ ಬದುಕಿ ದಡ ಸೇರಿದವರು, ಕೆಲವರು ಬಾರ್ಬಡೋಸ್‌ನಂಥ ಪಕ್ಕದ ದ್ವೀಪಗಳ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡು ಬಂದವರು. ಇಬ್ಬರೂ ಬೆರೆತರು. ಮದುವೆಯಾದರು, ಮಕ್ಕಳಾದವು. ಆ ಮಕ್ಕಳು ದ್ವೀಪದ ಭಾಷೆ ಆಡಿದರು, ದ್ವೀಪದ ಮರಗೆಣಸು ಬೆಳೆದರು, ದ್ವೀಪದ ದೋಣಿ ಕಡೆದರು. ಹೀಗೆ ಒಂದು ಹೊಸ ಜನ ಹುಟ್ಟಿತು. ಪ್ರಪಂಚದಲ್ಲಿ ಯಾವ ಜನ ಹುಟ್ಟಿದ್ದೂ ಹೀಗೇ ಅಲ್ಲವೇ? ಯಾರ ಊರಲ್ಲಿ ಬೆರಕೆ ಇಲ್ಲ ಹೇಳಿ.

1763ರಲ್ಲಿ ಪ್ಯಾರಿಸ್‌ನಲ್ಲಿ ಕೂತು ಯುರೋಪಿನ ದೊರೆಗಳು ಒಪ್ಪಂದ ಮಾಡಿಕೊಂಡರು. ಸೇಂಟ್ ವಿನ್ಸೆಂಟ್ ಬ್ರಿಟನ್ ಪಾಲಾಯಿತು. ದ್ವೀಪದಲ್ಲಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬ್ರಿಟಿಷರಿಗೆ ಬೇಕಾಗಿದ್ದು ಸಕ್ಕರೆ. ಕಬ್ಬಿಗೆ ಒಳ್ಳೆ ನೆಲ ಇದ್ದದ್ದು ಈ ಜನರ ಕೈಯಲ್ಲಿ. ಹೇಗೆ ಕಿತ್ತುಕೊಳ್ಳೋದು? ಮೂಲನಿವಾಸಿಗಳ ನೆಲ ಕಿತ್ತುಕೊಂಡರೆ ಲಂಡನ್ನಿನಲ್ಲೇ ಕೆಲವರು ತಕರಾರು ತೆಗೀತಾರೆ. ಅದಕ್ಕೊಂದು ಉಪಾಯ ಹುಡುಕಿದರು: "ಇವರು ಮೂಲನಿವಾಸಿಗಳೇ ಅಲ್ಲ ಅಂದುಬಿಡೋಣ!"

ದ್ವೀಪದ ಜಮೀನು ಮಾರೋಕೆ ನೇಮಕವಾದ ಆಯೋಗದ ಮುಖ್ಯಸ್ಥ ಸರ್ ವಿಲಿಯಂ ಯಂಗ್. ಅದೇ ಹೆಸರಿನ ಅವನ ಮಗ, ಅಪ್ಪನ ಕಾಗದಪತ್ರ ಇಟ್ಟುಕೊಂಡು, 1795ರಲ್ಲಿ ಲಂಡನ್ನಿನಲ್ಲಿ 'ಕಪ್ಪು ಕ್ಯಾರಿಬರ' ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದ. ಅದರ ವಾದದ ತಿರುಳು ಇಷ್ಟೇ: ನಿಜವಾದ ಮೂಲದವರು 'ಕೆಂಪು' ಕ್ಯಾರಿಬರು, ಕಪ್ಪಗಿರೋರು ಹೊರಗಿಂದ ಬಂದು ಅವರ ನೆಲ ಆಕ್ರಮಿಸಿಕೊಂಡವರು, ಆದ್ದರಿಂದ ಇವರಿಗೆ ಈ ನೆಲದ ಮೇಲೆ ಹಕ್ಕಿಲ್ಲ. ಯಂಗ್ ಕುಟುಂಬಕ್ಕೆ ಅದೇ ದ್ವೀಪದಲ್ಲಿ ಸಕ್ಕರೆ ತೋಟ ಇತ್ತು ಅನ್ನೋದನ್ನೂ ಸೇರಿಸಿ ಓದಿಕೊಳ್ಳಿ.

"ಇವರು ಹೊರಗಿನವರು" ಅಂತ ತೀರ್ಪು ಕೊಟ್ಟವರು ಎಲ್ಲಿಂದ ಬಂದಿದ್ದರು? ಸಾವಿರಾರು ಮೈಲಿ ದೂರದ ಇಂಗ್ಲೆಂಡಿನಿಂದ! ಮನೆಗೆ ನುಗ್ಗಿದವನೇ ಮನೆಯವರ ವಂಶಾವಳಿ ಕೇಳಿದ ಹಾಗೆ.

ಆ ಜನ ಸುಮ್ಮನೆ ಬಿಟ್ಟುಕೊಡಲಿಲ್ಲ. ಮೊದಲ ಯುದ್ಧದ ಕೊನೆಗೆ 1773ರಲ್ಲಿ ಬ್ರಿಟಿಷರೇ ಒಪ್ಪಂದಕ್ಕೆ ಬರಬೇಕಾಯಿತು, ದ್ವೀಪದ ಉತ್ತರ ಭಾಗ ಇವರದ್ದು ಅಂತ ಬರೆದುಕೊಡಬೇಕಾಯಿತು. ಬರೆದುಕೊಟ್ಟ ಮಾತು ಎಷ್ಟು ದಿನ ಉಳಿಯಿತು? 1795ರಲ್ಲಿ ಮತ್ತೆ ಯುದ್ಧ. ಅವರ ನಾಯಕ ಜೋಸೆಫ್ ಚಟೋಯರ್, ಅವರ ಮಾತಿನಲ್ಲಿ ಸತುಯೆ, 1795ರ ಮಾರ್ಚ್ 14ರಂದು ಕಾದಾಡುತ್ತಾ ಬಿದ್ದ. ಅದಾದ ಮೇಲೂ ಒಂದು ವರ್ಷಕ್ಕೂ ಹೆಚ್ಚು ಕಾಲ ಜನ ಹೋರಾಡಿದರು. ಬ್ರಿಟಿಷರು ಮನೆ ಸುಟ್ಟರು, ಬೆಳೆ ಸುಟ್ಟರು, ದೋಣಿ ಸುಟ್ಟರು. ಹಸಿವಿಗೆ ಸೋಲದವರು ಯಾರಿದ್ದಾರೆ?

ಶರಣಾದ 4,000ಕ್ಕೂ ಹೆಚ್ಚು ಜನರನ್ನು, ಹೆಂಗಸರು ಮಕ್ಕಳು ಮುದುಕರು ಅನ್ನದೆ, ಬ್ಯಾಲಿಸೋ ಎಂಬ ನೀರಿಲ್ಲದ ಚಿಕ್ಕ ನಡುಗಡ್ಡೆಗೆ ಸಾಗಿಸಿದರು. ರೋಗ ಹಬ್ಬಿತು. ಕೆಲವೇ ತಿಂಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಸತ್ತರು. ಅಲ್ಲೂ ಮೈಬಣ್ಣ ನೋಡಿ ವಿಂಗಡಣೆ ಮಾಡಿದರು: ಬಣ್ಣ ತಿಳಿಯಾಗಿದ್ದವರು ವಾಪಸ್ ಸೇಂಟ್ ವಿನ್ಸೆಂಟಿಗೆ, ಕಪ್ಪಗಿದ್ದವರು ಗಡೀಪಾರು. ಒಂದೇ ಬುಡದವರನ್ನು ಬಣ್ಣ ಹಿಡಿದು ಎರಡು ಜನಾಂಗ ಮಾಡಿಬಿಟ್ಟರು. 1797ರ ಏಪ್ರಿಲ್ 12ರಂದು ಹೊಂಡುರಾಸ್ ಹತ್ತಿರದ ರೋವಟಾನ್ ದ್ವೀಪದಲ್ಲಿ ಬದುಕಿ ಇಳಿದವರು ಸುಮಾರು 2,000 ಜನ. ಇವತ್ತು ನಾಲ್ಕು ದೇಶಗಳಲ್ಲಿರೋ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರೋ ಗರಿನಾಗು ಎಲ್ಲರೂ ಆ 2,000 ಜನರ ಸಂತಾನ.

ಈಗ ಭಾಷೆಯ ವಿಷಯಕ್ಕೆ ಬರೋಣ. ಭಾಷೆಗಾಗಿ ಬಡಿದಾಡೋ ನಮಗೆ ಇದು ಎಲ್ಲಕ್ಕಿಂತ ಮುಖ್ಯ.

'ಆಫ್ರಿಕಾದವರು' ಅಂತ ಹೀಗಳೆಯಲ್ಪಟ್ಟ ಈ ಜನರ ಮನೆಮಾತು ಆಫ್ರಿಕಾದ ಭಾಷೆಯಲ್ಲ. ಅದು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಅರಾವಾಕ್ ಕುಟುಂಬಕ್ಕೆ ಸೇರಿದ ಭಾಷೆ. ಅದರ ಒಳಗೆ ಕ್ಯಾರಿಬ್ ಪದಗಳಿವೆ, ಫ್ರೆಂಚರ ಒಡನಾಟದಿಂದ ಬಂದ ಪದಗಳಿವೆ, ಇಂಗ್ಲಿಷ್ ಸ್ಪ್ಯಾನಿಷ್ ಪದಗಳೂ ಇವೆ. ಎಣಿಕೆಯಲ್ಲಿ ನಾಲ್ಕರಿಂದ ಮುಂದೆ ಫ್ರೆಂಚಿನ ನೆರಳು ಕಾಣುತ್ತೆ. ಗಂಡಸು 'ನಾನು' ಅನ್ನೋಕೆ 'ಅವು' ಅಂತಾನೆ, ಹೆಂಗಸು 'ನುಗುಯಾ' ಅಂತಾಳೆ. ಕ್ಯಾರಿಬ್ ಮತ್ತು ಅರಾವಾಕ್ ಜನ ಶತಮಾನಗಳ ಹಿಂದೆ ಬೆರೆತ ಗುರುತು ಒಂದೇ ಸರ್ವನಾಮದಲ್ಲಿ ಇವತ್ತಿಗೂ ಉಸಿರಾಡ್ತಿದೆ.

ಇನ್ನೊಂದು ಸಂಗತಿ ಕೇಳಿ. ಇದೇ ಭಾಷೆಯ ಒಡಹುಟ್ಟು ಡೊಮಿನಿಕಾ ದ್ವೀಪದಲ್ಲಿ ಕಲಿನಾಗೊ ಜನರ ಬಾಯಲ್ಲಿತ್ತು. 'ನಿಜವಾದ' ಮೂಲನಿವಾಸಿಗಳು ಅಂತ ಎಲ್ಲರೂ ಒಪ್ಪೋ ಜನ ಅವರು. 1903ರಲ್ಲಿ ಅವರಿಗೆ ಅಂತ ಅಲ್ಲಿ ಮೀಸಲು ಪ್ರದೇಶವನ್ನೂ ಕೊಟ್ಟರು. ಆದರೆ 20ನೇ ಶತಮಾನದ ಮೊದಲ ಭಾಗದಲ್ಲೇ ಆ ನುಡಿ ಅಲ್ಲಿ ಆಡುಮಾತಾಗಿ ನಿಂತುಹೋಯಿತು. ಸೇಂಟ್ ವಿನ್ಸೆಂಟ್‌ನಲ್ಲಿ ಉಳಿಸಿಕೊಂಡ 'ಕೆಂಪು' ಜನರಲ್ಲೂ ನಿಂತುಹೋಯಿತು. ಆ ದ್ವೀಪಗಳ ಮಾತು ಇವತ್ತು ಬದುಕಿರೋದು ಯಾರ ನಾಲಗೆಯ ಮೇಲೆ? ಯಾರನ್ನು ಹೊರಗಿನವರು ಅಂತ ಹಡಗಿಗೆ ತುಂಬಿದರೋ ಅವರ ನಾಲಗೆಯ ಮೇಲೆ!

ಇನ್ನೇನು ಸಾಕ್ಷಿ ಬೇಕು ಸ್ವಾಮಿ? ರಕ್ತ ಪರೀಕ್ಷೆ ಮಾಡಿಸಬೇಕಾ?

ಇಲ್ಲಿ ನಾವು ಒಂದು ಮಾತು ಎಚ್ಚರಿಕೆಯಿಂದ ಹೇಳಬೇಕು. ಗರಿನಾಗು ಜನ ತಮ್ಮ ಆಫ್ರಿಕಾ ಮೂಲವನ್ನು ಮುಚ್ಚಿಟ್ಟುಕೊಂಡು ಹಕ್ಕು ಕೇಳ್ತಿಲ್ಲ. ಅವರ ಡೋಲು, ಕುಣಿತ, ಪಿತೃಗಳನ್ನು ಕರೆಯುವ ದುಗು ಎಂಬ ಆಚರಣೆ, ಇದರಲ್ಲೆಲ್ಲ ಆಫ್ರಿಕಾವೂ ಇದೆ, ಅಮೆರಿಕವೂ ಇದೆ. "ನಾವು ಎರಡೂ" ಅಂತ ಎದೆ ತಟ್ಟಿ ಹೇಳ್ತಾರೆ. ಆದರೆ ಸರ್ಕಾರಗಳ ಅರ್ಜಿ ನಮೂನೆಗಳಿಗೆ 'ಎರಡೂ' ಅನ್ನೋದು ಅರ್ಥವಾಗಲ್ಲ. ಹೊಂಡುರಾಸ್‌ನಿಂದ ಅಮೆರಿಕಕ್ಕೆ ದುಡಿಯೋಕೆ ಹೋದ ಗರಿಫುನಾ ಜನಗಣತಿ ಕಾಗದದ ಮುಂದೆ ಕೂತರೆ ಯಾವ ಕಾಲಂ ತುಂಬಬೇಕು? ಸ್ಪ್ಯಾನಿಷ್ ಮಾತಾಡೋದರಿಂದ 'ಹಿಸ್ಪ್ಯಾನಿಕ್' ಅನ್ನಬೇಕಾ, ಬಣ್ಣ ನೋಡಿ 'ಕಪ್ಪು' ಅನ್ನಬೇಕಾ, ಭಾಷೆ ನೋಡಿ 'ಮೂಲನಿವಾಸಿ' ಅನ್ನಬೇಕಾ? ಯಾವುದಕ್ಕೆ ಗುರುತು ಹಾಕಿದರೂ ಉಳಿದ ಎರಡು ಅಳಿಸಿಹೋಗುತ್ತೆ. ಕಾಲಂ ಜನರಿಗಾಗಿ ಇರಬೇಕು. ಕಾಲಮ್ಮಿಗಾಗಿ ಜನ ತಮ್ಮನ್ನು ಕತ್ತರಿಸಿಕೊಳ್ಳಬೇಕಾ?

ಕಾನೂನಿನಲ್ಲಿ ಇದಕ್ಕೆ ಉತ್ತರ ಇಲ್ಲವೇ? ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1989ರ 169ನೇ ಒಡಂಬಡಿಕೆ 'ಮೂಲನಿವಾಸಿ ಮತ್ತು ಬುಡಕಟ್ಟು ಜನರು' ಇಬ್ಬರಿಗೂ ಅನ್ವಯಿಸುತ್ತೆ. ಒಂದು ಜನ ತಮ್ಮನ್ನು ತಾವು ಏನೆಂದು ಗುರುತಿಸಿಕೊಳ್ತಾರೆ ಅನ್ನೋದು ಮೂಲಭೂತ ಮಾನದಂಡ ಅಂತ ಅದರ ಮೊದಲ ವಿಧಿಯಲ್ಲೇ ಬರೆದಿದೆ. ಹೊಂಡುರಾಸ್ 1995ರಲ್ಲಿ, ಗ್ವಾಟೆಮಾಲಾ 1996ರಲ್ಲಿ ಅದನ್ನು ಅಂಗೀಕರಿಸಿವೆ. 2007ರಲ್ಲಿ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಸುರಿನಾಮ್ ದೇಶದ ಸರಮಾಕ ಜನರ ಮೊಕದ್ದಮೆಯಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು. ಸರಮಾಕರು ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದ ಆಫ್ರಿಕಾ ಗುಲಾಮರ ಸಂತಾನ. ಆ ನೆಲದ ಮೂಲದವರಲ್ಲ, ನಿಜ. ಆದರೂ ಅವರು ತಮ್ಮದೇ ಕಟ್ಟಳೆ, ತಮ್ಮದೇ ನೆಲದ ನಂಟು ಇರೋ ಬುಡಕಟ್ಟು ಸಮುದಾಯ, ಅವರ ಸಾಮೂಹಿಕ ಭೂಮಿಗೆ ಮೂಲನಿವಾಸಿಗಳ ಭೂಮಿಗಿರೋ ರಕ್ಷಣೆಯೇ ಸಿಗಬೇಕು ಅಂತ ತೀರ್ಪಾಯಿತು.

ಗಮನಿಸಿ. ಪ್ರಶ್ನೆ "ಮೊದಲು ಯಾರು ಬಂದರು" ಅನ್ನೋದಲ್ಲ. "ಈ ಜನ ಒಂದು ಜನವಾಗಿ ಬದುಕ್ತಿದ್ದಾರಾ, ಹಾಗೆ ಬದುಕಲು ಅವರಿಗೆ ಏನು ಬೇಕು" ಅನ್ನೋದು ಪ್ರಶ್ನೆ.

ಏನು ಬೇಕು? ಮೊದಲು ನೆಲ ಬೇಕು.

ಹೊಂಡುರಾಸ್ ದಂಡೆಯಲ್ಲಿ ನಲವತ್ತಕ್ಕೂ ಹೆಚ್ಚು ಗರಿಫುನಾ ಊರುಗಳಿವೆ. ಮುಂದೆ ಕಡಲು, ಹಿಂದೆ ಮರಗೆಣಸಿನ ಹೊಲ. ಗಂಡಸರು ಮೀನಿಗೆ ಹೋಗ್ತಾರೆ, ಹೊಲ ಹೆಂಗಸರದ್ದು. ಮರಗೆಣಸನ್ನು ತುರಿಯೋಕೆ ಕಲ್ಲಿನ ಚೂರು ಕೂರಿಸಿದ ಹಲಗೆ, ಅದರ ಹೆಸರು ಎಗಿ. ತುರಿಯ ವಿಷದ ರಸ ಹಿಂಡೋಕೆ ಹಾವಿನ ಹಾಗೆ ಉದ್ದಕ್ಕೆ ಹೆಣೆದ ಚೀಲ, ಅದು ರುಗುಮಾ. ಜರಡಿಗೆ ಹಿಬಿಸೆ. ಕೊನೆಗೆ ಕಾವಲಿಯ ಮೇಲೆ ಬೇಯೋ ತೆಳು ರೊಟ್ಟಿ ಎರೆಬಾ. ಹಿರಿಯರಿಗೆ ಎಡೆ ಇಡೋಕೂ ಅದೇ ಬೇಕು.

ಈಗ ಆ ಹೊಲ ಹೋಯಿತು ಅಂತ ಇಟ್ಟುಕೊಳ್ಳಿ. ತಾಳೆಎಣ್ಣೆ ತೋಟ ಬಂತು, ರೆಸಾರ್ಟ್ ಬಂತು. ಮರಗೆಣಸು ಇಲ್ಲ ಅಂದಮೇಲೆ ಎಗಿ ಯಾಕೆ, ರುಗುಮಾ ಯಾಕೆ? ವಸ್ತು ಹೋದರೆ ಪದ ಹೋಯಿತು. ತುರಿಯುವಾಗ ಹೆಂಗಸರು ಒಟ್ಟಿಗೆ ಹಾಡ್ತಿದ್ದ ಹಾಡು ಹೋಯಿತು. ಎಡೆ ಹೋಯಿತು. ಹುಡುಗರು ಕೆಲಸ ಹುಡುಕ್ಕೊಂಡು ಉತ್ತರಕ್ಕೆ ಗಡಿ ದಾಟಿದರು, ಮನೆಯಲ್ಲಿ ಮಾತಾಡೋಕೆ ಜನ ಇಲ್ಲ. ಯಾವ ನಿಘಂಟೂ ಇದನ್ನು ತಡೆಯೋಕೆ ಆಗಲ್ಲ. ಭಾಷೆ ಸಾಯೋದು ಶಾಲೆಯಲ್ಲಿ ಮಾತ್ರ ಅಲ್ಲ, ಹೊಲದಲ್ಲೂ ಸಾಯುತ್ತೆ.

ಹೊಂಡುರಾಸ್ ಸಂವಿಧಾನದ 107ನೇ ವಿಧಿ ಕಡಲ ದಂಡೆಯಿಂದ 40 ಕಿಲೋಮೀಟರ್ ಒಳಗೆ ವಿದೇಶಿಯರು ಭೂಮಿ ಹೊಂದೋದನ್ನು ತಡೆಯುತ್ತೆ. ಒಳ್ಳೇದೇ. ಆದರೆ 1990ರಲ್ಲಿ ಹೊಸ ಕಾಯ್ದೆ ತಂದು, ಪ್ರವಾಸೋದ್ಯಮಕ್ಕೆ ಅಂತ ನಗರ ವ್ಯಾಪ್ತಿಯಲ್ಲಿ ವಿದೇಶಿಯರೂ ಕೊಳ್ಳಬಹುದು ಅಂತ ಬಾಗಿಲು ತೆರೆದರು. ಹಾಗಾದರೆ ಹಳ್ಳಿಯ ನೆಲವನ್ನು ನಗರ ವ್ಯಾಪ್ತಿಗೆ ಸೇರಿಸಿಬಿಟ್ಟರೆ? ತೆಲಾ ಪಟ್ಟಣದ ಪಕ್ಕದ ತ್ರಿಯುಂಫೊ ದೆ ಲಾ ಕ್ರೂಸ್ ಎಂಬ ಗರಿಫುನಾ ಊರಿನ ನೆಲ ಪುರಸಭೆಯ ನಗರ ಮಿತಿಯೊಳಗೆ ಬಂತು. ಸಮುದಾಯದ ನೆಲ ತುಂಡುತುಂಡಾಗಿ ಹೊರಗಿನವರಿಗೆ ಮಾರಾಟವಾಯಿತು. ಊರವರು ತಲೆತಲಾಂತರದಿಂದ ಓಡಾಡಿದ ದಂಡೆಗೆ ಬೇಲಿ ಬಿತ್ತು. ಒಂದು ನಕಾಶೆಯಲ್ಲಿ ಗೆರೆ ಸ್ವಲ್ಪ ಸರಿಸಿದರೆ ಏನೇನಾಗುತ್ತೆ ನೋಡಿ.

ಪುಂತಾ ಪಿಯೆದ್ರಾ ಎಂಬ ಇನ್ನೊಂದು ಊರಿನ ಕಥೆ ಬೇರೆ ಥರ. ಅಲ್ಲಿ ಸರ್ಕಾರ 1990ರ ದಶಕದಲ್ಲಿ ಹಕ್ಕುಪತ್ರ ಕೊಟ್ಟಿತು. ಆದರೆ ಆ ನೆಲದಲ್ಲಿ ಬಂದು ಕೂತಿದ್ದ ಹೊರಗಿನವರನ್ನು ತೆರವು ಮಾಡಲೇ ಇಲ್ಲ. ಪಹಣಿ ಒಬ್ಬರ ಕೈಯಲ್ಲಿ, ಹೊಲ ಇನ್ನೊಬ್ಬರ ಕೈಯಲ್ಲಿ!

ಎರಡೂ ಊರಿನವರು ಬಿಡಲಿಲ್ಲ. ಅಂತರ-ಅಮೆರಿಕ ನ್ಯಾಯಾಲಯದ ತನಕ ಹೋದರು. 2015ರ ಅಕ್ಟೋಬರ್ 8ರಂದು ಒಂದೇ ದಿನ ಎರಡೂ ತೀರ್ಪು ಬಂತು. ಎರಡರಲ್ಲೂ ಹೊಂಡುರಾಸ್ ತಪ್ಪಿತಸ್ಥ. ಸಾಮೂಹಿಕ ಆಸ್ತಿಯ ಹಕ್ಕು ಉಲ್ಲಂಘನೆಯಾಗಿದೆ, ಬರೀ ಹಕ್ಕುಪತ್ರ ಕೊಟ್ಟರೆ ಸಾಲದು, ಶಾಂತಿಯಿಂದ ಅನುಭವಿಸುವ ಹಾಗೆ ಮಾಡಬೇಕು, ಸಮುದಾಯವನ್ನು ಕೇಳದೆ ಯೋಜನೆ ತರೋದು ತಪ್ಪು. 2023ರಲ್ಲಿ ಸ್ಯಾನ್ ಹುವಾನ್ ಎಂಬ ಮೂರನೇ ಊರಿನ ಪರವಾಗಿಯೂ ತೀರ್ಪು ಬಂತು.

ತೀರ್ಪು ಬಂದಮೇಲೆ ಏನಾಯಿತು? 2020ರ ಜುಲೈ 18ರ ಬೆಳಗ್ಗೆ ಪೊಲೀಸ್ ಗುರುತಿನ ಬಟ್ಟೆ ತೊಟ್ಟ ಶಸ್ತ್ರಧಾರಿಗಳು ತ್ರಿಯುಂಫೊ ದೆ ಲಾ ಕ್ರೂಸ್‌ಗೆ ಬಂದು, ಊರಿನ ಸಮುದಾಯ ಮಂಡಳಿಯ ಅಧ್ಯಕ್ಷನೂ ಸೇರಿ ನಾಲ್ವರು ಗರಿಫುನಾ ಗಂಡಸರನ್ನು ಹೊತ್ತೊಯ್ದರು. ಅವರು ಮನೆಗೆ ಮರಳಲಿಲ್ಲ. ಗೆದ್ದ ಮೊಕದ್ದಮೆಯನ್ನು ಜಾರಿ ಮಾಡಿ ಅಂತ ಕೇಳ್ತಿದ್ದವರು ಅವರು. 1970ರ ದಶಕದಿಂದ ಗರಿನಾಗು ಪರ ಹೋರಾಡ್ತಿರೋ ಒಫ್ರಾನೆ ಸಂಘಟನೆ ಮತ್ತು ಅದರ ನಾಯಕಿ ಮಿರಿಯಂ ಮಿರಾಂದಾ ಇಂದಿಗೂ ಕೇಳ್ತಿರೋ ಪ್ರಶ್ನೆ ಒಂದೇ: ಅವರೆಲ್ಲಿ?

ಇನ್ನು ಸಾಮೂಹಿಕ ಹಕ್ಕಿನ ವಿರುದ್ಧ ಎತ್ತುವ ಆಕ್ಷೇಪಗಳಿಗೆ ಬರೋಣ. ಮೂರು ಮುಖ್ಯವಾದವು.

ಒಂದು. "ಎಲ್ಲರೂ ದೇಶದ ಪ್ರಜೆಗಳು. ಎಲ್ಲರಿಗೂ ಒಂದೇ ಹಕ್ಕು ಸಾಕು. ಗುಂಪಿಗೆ ಯಾಕೆ ಬೇರೆ ಹಕ್ಕು?" ಕೇಳೋಕೆ ಬಹಳ ನ್ಯಾಯವಾಗಿದೆ. ಆದರೆ ಕೆಲವು ಸಂಗತಿಗಳು ಒಬ್ಬೊಬ್ಬರಾಗಿ ಇಟ್ಟುಕೊಳ್ಳೋಕೆ ಬರುವಂಥವೇ ಅಲ್ಲ. ಭಾಷೆಯನ್ನು ಒಬ್ಬ ಮನುಷ್ಯ ಒಂಟಿಯಾಗಿ ಆಡೋಕಾಗುತ್ತಾ? ಹಬ್ಬವನ್ನು ಒಬ್ಬನೇ ಮಾಡೋಕಾಗುತ್ತಾ? ಜನರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಇಟ್ಟಮೇಲೆ "ನಿಮಗೆ ಎಲ್ಲ ಹಕ್ಕೂ ಇದೆ" ಅನ್ನೋದು, ಬಾವಿ ಮುಚ್ಚಿ ಎಲ್ಲರಿಗೂ ಒಂದೊಂದು ಬಿಂದಿಗೆ ಹಂಚಿದ ಹಾಗೆ.

ಎರಡು. "ಸಾಮೂಹಿಕ ಹಕ್ಕುಪತ್ರ ಅಂದರೆ ಮಾರೋಕೆ ಬರಲ್ಲ, ಬ್ಯಾಂಕಿನಲ್ಲಿ ಸಾಲ ಸಿಗಲ್ಲ. ಬಡವರನ್ನು ಬಡವರಾಗೇ ಇಡೋ ಏರ್ಪಾಡು." ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಅದನ್ನು ನಾವು ತಳ್ಳಿಹಾಕಲ್ಲ. ದುಡ್ಡಿನ ಕಷ್ಟ ನಿಜ. ಸಮುದಾಯದ ಒಳಗಿನವರೇ ಆಸೆಗೋ ಒತ್ತಡಕ್ಕೋ ಬಿದ್ದು ನೆಲ ಮಾರಿದ್ದೂ ಇದೆ, ಅಂಥವರನ್ನು ಮುಂದಿಟ್ಟು ಊರನ್ನು ಒಡೆದಿದ್ದೂ ಇದೆ. ಆದರೆ ಮನೆಮನೆಗೂ ಬೇರೆಬೇರೆ ಪಟ್ಟಾ ಕೊಟ್ಟರೆ ಆಗೋದೇನು? ಈ ವರ್ಷ ಒಬ್ಬರ ಮನೆಯಲ್ಲಿ ಕಾಯಿಲೆ, ಕಡಲ ಬದಿಯ ಮೊದಲ ತುಂಡು ಹೋಯಿತು. ಮುಂದಿನ ವರ್ಷ ಮಗಳ ಓದು, ಎರಡನೇ ತುಂಡು. ಹತ್ತು ವರ್ಷದಲ್ಲಿ ದಂಡೆಯಿಡೀ ರೆಸಾರ್ಟಿನದ್ದು, ಊರಿನವರು ಅದೇ ರೆಸಾರ್ಟಿನಲ್ಲಿ ಹಾಸಿಗೆ ಹೊದಿಕೆ ಒಗೆಯೋರು. ಸಾಲ ಬೇಕಾದರೆ ಸಾಲಕ್ಕೆ ದಾರಿ ಮಾಡಿ. ಆಸ್ಪತ್ರೆ ಬೇಕಾದರೆ ಆಸ್ಪತ್ರೆ ಕಟ್ಟಿ. ನೆಲ ಮಾರಿದರೆ ಮಾತ್ರ ಔಷಧಿ ಅನ್ನೋ ಸ್ಥಿತಿಗೆ ತಂದಿಟ್ಟು ಅದಕ್ಕೆ ಸ್ವಾತಂತ್ರ್ಯ ಅಂತ ಹೆಸರಿಡಬೇಡಿ.

ಮೂರು. "ಅವರೇನು ದೇವರಂಥವರಾ? ಫ್ರೆಂಚರ ಜೊತೆ ಕೂಡಿ ಕಾದಾಡಿದರು, ಹೊಂಡುರಾಸ್‌ಗೆ ಬಂದಮೇಲೆ ಸ್ಪೇನಿನ ಸೈನ್ಯದಲ್ಲೂ ದುಡಿದರು." ಹೌದು, ಮಾಡಿದರು. ಉಳಿಯೋಕೆ ಏನೇನು ಮಾಡಬೇಕೋ ಮಾಡಿದರು. ಆದರೆ ಹಕ್ಕು ಅನ್ನೋದು ಒಳ್ಳೆ ನಡತೆಗೆ ಕೊಡೋ ಬಹುಮಾನ ಅಲ್ಲ. ಸಣ್ಣ ಸಮುದಾಯಗಳಿಗೆ ಮಾತ್ರ ಪೂರ್ವಜರ ಪೂರ್ತಿ ಲೆಕ್ಕ ಕೇಳೋದು, ದೊಡ್ಡವರ ಲೆಕ್ಕದ ಪುಸ್ತಕವನ್ನು ತೆರೆಯದೇ ಇರೋದು, ಇದು ಯಾವ ನ್ಯಾಯ?

ಇಷ್ಟೆಲ್ಲ ನಡೀತಿರುವಾಗ ಇನ್ನೊಂದು ಕಡೆ ಏನು ನಡೀತಿದೆ ಗೊತ್ತಾ? ಸನ್ಮಾನ!

ಗರಿಫುನಾ ಭಾಷೆ, ಕುಣಿತ, ಸಂಗೀತವನ್ನು ಯುನೆಸ್ಕೋ 2001ರಲ್ಲಿ ಮಾನವಕುಲದ ಮೇರು ಪರಂಪರೆ ಅಂತ ಘೋಷಿಸಿತು, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಬೆಲೀಜ್‌ನಲ್ಲಿ ಥಾಮಸ್ ವಿನ್ಸೆಂಟ್ ರಾಮೋಸ್ ಎಂಬ ಹೋರಾಟಗಾರ 1941ರಲ್ಲಿ ಶುರುಮಾಡಿದ ನವೆಂಬರ್ 19ರ ಹಬ್ಬ 1977ರಿಂದ ಇಡೀ ದೇಶಕ್ಕೆ ಸರ್ಕಾರಿ ರಜೆ. ಸೇಂಟ್ ವಿನ್ಸೆಂಟ್ ಚಟೋಯರ್‌ನನ್ನು ತನ್ನ ಮೊದಲ ರಾಷ್ಟ್ರವೀರ ಅಂತ 2002ರಲ್ಲಿ ಸಾರಿತು. ಹೊಂಡುರಾಸ್‌ನ ಪ್ರವಾಸೋದ್ಯಮದ ಚಿತ್ರಗಳಲ್ಲಿ ಗರಿಫುನಾ ಹೆಂಗಸರು ಬಣ್ಣದ ಲಂಗ ತೊಟ್ಟು ಕುಣೀತಾರೆ.

ಇದೆಲ್ಲ ಬೇಡ ಅಂತ ನಾವು ಹೇಳ್ತಿಲ್ಲ. ರಾಮೋಸ್ ಅಂಥವರ ಹೋರಾಟದಿಂದ ಬಂದ ಗೌರವ ಅದು, ಯಾರೂ ಭಿಕ್ಷೆ ಹಾಕಿದ್ದಲ್ಲ. ಆದರೆ ಲೆಕ್ಕ ನೋಡಿ. ಡೋಲು ಬೇಕು, ಡೋಲು ಬಾರಿಸುವವನ ಹೊಲ ಬೇಡ. ಕುಣಿತ ಬೇಕು, ಕುಣಿಯುವವಳ ದಂಡೆ ಬೇಡ. ರಜೆ ಕೊಡೋಕೆ ಖರ್ಚಿಲ್ಲ, ಪಟ್ಟಿಗೆ ಸೇರಿಸೋಕೆ ಖರ್ಚಿಲ್ಲ. ನೆಲ ವಾಪಸ್ ಕೊಡೋಕೆ ಖರ್ಚಿದೆ, ಆಗ ನೆನಪಾಗುತ್ತೆ "ಇವರು ಮೂಲನಿವಾಸಿಗಳು ಹೌದೋ ಅಲ್ಲವೋ" ಅನ್ನೋ ಅನುಮಾನ. ವೇದಿಕೆಯ ಮೇಲೆ ಯಾರಿಗೂ ಬಾರದ ಅನುಮಾನ ತಹಶೀಲ್ದಾರರ ಮೇಜಿನ ಮುಂದೆ ಮಾತ್ರ ಯಾಕೆ ಬರುತ್ತೆ?

ಬೇರೆ ದಾರಿ ಇಲ್ಲ ಅಂತಲ್ಲ. ಗ್ವಾಟೆಮಾಲಾದ 1995ರ ಒಪ್ಪಂದ ಮಾಯಾ, ಶಿಂಕಾ ಜನರ ಜೊತೆ ಗರಿಫುನಾ ಜನರನ್ನೂ ಹೆಸರು ಹಿಡಿದು ಗುರುತಿಸಿತು, 2003ರ ಭಾಷಾ ಕಾಯ್ದೆ ಅವರ ಭಾಷೆಯನ್ನೂ ಒಳಗೊಂಡಿತು. ನಿಕರಾಗುವಾದ 2003ರ ಕಾಯ್ದೆ ಕೆರಿಬಿಯನ್ ದಂಡೆಯ ಸಮುದಾಯಗಳ ನೆಲವನ್ನು ಸಾಮೂಹಿಕವಾಗಿ ಒಪ್ಪಿತು. ಕೊಲಂಬಿಯಾ 1993ರಲ್ಲೇ ತನ್ನ ಕಪ್ಪು ಸಮುದಾಯಗಳ ಸಾಮೂಹಿಕ ಭೂಮಿಗೆ ಕಾಯ್ದೆ ಮಾಡಿತು. ಬ್ರೆಜಿಲ್ ತನ್ನ ಕಿಲೊಂಬೊ ಜನರನ್ನು, ಅಂದರೆ ತಪ್ಪಿಸಿಕೊಂಡ ಗುಲಾಮರು ಕಟ್ಟಿದ ಊರುಗಳ ಸಂತಾನವನ್ನು, 2022ರ ಜನಗಣತಿಯಲ್ಲಿ ಮೊದಲ ಸಲ ಬೇರೆಯಾಗಿ ಎಣಿಸಿತು. 13 ಲಕ್ಷಕ್ಕೂ ಹೆಚ್ಚು ಜನ! ಎಣಿಸುವ ತನಕ ಸರ್ಕಾರದ ಕಣ್ಣಿಗೆ ಅವರು ಇರಲೇ ಇಲ್ಲ. ಕಾಯ್ದೆ ಪುಸ್ತಕದಲ್ಲಿ ಇದ್ದ ಮಾತ್ರಕ್ಕೆ ನೆಲದ ಮೇಲೆ ಎಲ್ಲ ಸರಿಯಾಗಿದೆ ಅಂತಲ್ಲ. ಆದರೆ ಮನಸ್ಸು ಮಾಡಿದರೆ ಬರೆಯೋಕಾದರೂ ಆಗುತ್ತೆ ಅನ್ನೋದಕ್ಕೆ ಇವು ಸಾಕ್ಷಿ.

ಈಗ ಬೆರಳನ್ನು ನಮ್ಮ ಕಡೆ ತಿರುಗಿಸೋಣ.

ಆಫ್ರಿಕಾ ಮೂಲದ ಜನ ಹೊಂಡುರಾಸ್‌ನಲ್ಲಿ ಮಾತ್ರ ಇಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನಲ್ಲಿ ನಮ್ಮ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಮಕ್ಕಳು ಅವರಲ್ಲಿ ಅನೇಕರು. ಕೊಂಕಣಿ ಆಡ್ತಾರೆ, ಕನ್ನಡ ಆಡ್ತಾರೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಜಿಲ್ಲೆಯ ಗೆರೆ ದಾಟಿ ಧಾರವಾಡ, ಬೆಳಗಾವಿ ಕಡೆ ಇದ್ದ ಸಿದ್ದಿ ಸಿದ್ದಿಯೇ ಅಲ್ಲ ಅನ್ನೋ ಹಾಗೆ! ಆ ಎರಡು ಜಿಲ್ಲೆಗಳನ್ನು ಸೇರಿಸೋಕೆ 2020ರ ತನಕ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಮೊದಲಿಗರಾಗಿ.

ಸ್ವಚ್ಛ ಕನ್ನಡ ಮಾತಾಡೋ ಒಬ್ಬ ಸಿದ್ದಿ ಹುಡುಗನನ್ನು ಬಸ್ಸಿನಲ್ಲಿ ಕಂಡರೆ ನಮ್ಮವರ ಬಾಯಲ್ಲಿ ಬರೋ ಮೊದಲ ಮಾತು ಏನು? "ಯಾವ ದೇಶ?" ಪ್ರಾಮಾಣಿಕವಾಗಿ ಹೇಳಿ. ಅದು ವಿಲಿಯಂ ಯಂಗನ ಪ್ರಶ್ನೆಯೇ ಅಲ್ಲವಾ? ಭಾರತ 2007ರಲ್ಲಿ ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ ಪರವಾಗಿ ಮತ ಹಾಕಿತು, ಆದರೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಅನ್ನೋದು ಅದರ ನಿಲುವು. 169ನೇ ಒಡಂಬಡಿಕೆಯನ್ನು ಇಂದಿಗೂ ಅಂಗೀಕರಿಸಿಲ್ಲ. ಎಲ್ಲರೂ ಮೂಲದವರೇ ಅಂದಮೇಲೆ ಯಾರಿಗೂ ವಿಶೇಷವಾಗಿ ಏನೂ ಕೊಡಬೇಕಾಗಿಲ್ಲ, ನೋಡಿ ಜಾಣತನ.

ಗರಿನಾಗು ಕಥೆಯೂ ನಮ್ಮ ಕಥೆಯೂ ಒಂದೇ ಅಂತ ನಾವು ಹೇಳಲ್ಲ. ಅವರನ್ನು ಹಡಗಿಗೆ ತುಂಬಿ ಸಾಗಿಸಿದರು. ನಾವು ಇದ್ದಲ್ಲೇ ಇದ್ದೆವು, ನಕಾಶೆ ಬದಲಾಯಿತು. ಅವರು ಕಂಡ ಸಾವು ನಾವು ಕಂಡಿಲ್ಲ. ಇನ್ನೊಬ್ಬರ ನೋವನ್ನು ಎರವಲು ತಂದು ನಮ್ಮ ಎದೆಗೆ ಪದಕ ಹಾಕಿಕೊಳ್ಳೋದು ಬೇಡ. ಆದರೆ ಒಂದು ಪಾಠ ಕಲಿಯಬಹುದು. "ನಾವೇ ಮೊದಲು ಬಂದವರು, ನಾವೇ ಶುದ್ಧ" ಅನ್ನೋದರ ಮೇಲೆ ಹಕ್ಕು ಕಟ್ಟಬೇಡಿ. ಆ ಅಳತೆಗೋಲು ಇವತ್ತು ನಮ್ಮ ಕೈಯಲ್ಲಿ ಇರುತ್ತೆ, ನಾಳೆ ನಮ್ಮ ಬೆನ್ನ ಮೇಲೆ ಬೀಳುತ್ತೆ. "ನಾವು ಒಂದು ಜನವಾಗಿ ಇಲ್ಲಿ ಬದುಕ್ತಿದ್ದೀವಿ, ನಮ್ಮ ಮಕ್ಕಳೂ ಹಾಗೇ ಬದುಕಬೇಕು" ಅನ್ನೋದರ ಮೇಲೆ ಕಟ್ಟಿ. ಅದನ್ನು ಯಾವ ಯಂಗನೂ ಬಣ್ಣ ನೋಡಿ ಅಳೆಯೋಕಾಗಲ್ಲ.

ಕೊನೆಗೆ ಒಬ್ಬ ಹುಡುಗನ ವಿಷಯ ಹೇಳಿ ಮುಗಿಸ್ತೀವಿ. 1980ರಲ್ಲಿ ಬೆಲೀಜ್‌ನ ಒಬ್ಬ ಗರಿಫುನಾ ಯುವಕ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡೋಕೆ ನಿಕರಾಗುವಾಕ್ಕೆ ಹೋದ. ಅಲ್ಲಿನ ಗರಿಫುನಾ ಊರಲ್ಲಿ ಭಾಷೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು, ಆಡುವವರು ಕೆಲವೇ ಮುದುಕರು. ಇವನು ಒಬ್ಬ ಹಿರಿಯರನ್ನು ಗರಿಫುನಾದಲ್ಲಿ ಮಾತಾಡಿಸಿದ. ಇಷ್ಟು ಚಿಕ್ಕ ವಯಸ್ಸಿನವನ ಬಾಯಲ್ಲಿ ತಮ್ಮ ಮಾತು ಬರ್ತಿದೆ ಅನ್ನೋದನ್ನು ಆ ಅಜ್ಜನಿಗೆ ನಂಬೋಕೇ ಆಗಲಿಲ್ಲ. ಹುಡುಗನಿಗೆ ಹೊಳೆಯಿತು: ಇಲ್ಲಿ ಆಗಿರೋದು ನಾಳೆ ನಮ್ಮೂರಲ್ಲೂ ಆಗುತ್ತೆ. ಅವನ ಹೆಸರು ಆಂಡಿ ಪಲಾಸಿಯೊ. ಊರಿಗೆ ಬಂದು ಜೀವಮಾನವಿಡೀ ತನ್ನ ಭಾಷೆಯಲ್ಲೇ ಹಾಡಿದ. 2007ರಲ್ಲಿ 'ವಾತಿನಾ' ಎಂಬ ಧ್ವನಿಮುದ್ರಿಕೆ ತಂದ, ಗರಿಫುನಾ ದನಿ ಜಗತ್ತಿಗೆಲ್ಲ ಕೇಳಿಸಿತು. ಮರುವರ್ಷ ಜನವರಿಯಲ್ಲಿ ತೀರಿಕೊಂಡ. ಅದೇ 2007ರಲ್ಲಿ ಬೆಲೀಜ್‌ನ ಡಾಂಗ್ರಿಗಾದಲ್ಲಿ ಗರಿಫುನಾ ಕಲಿಸುವ ಗುಲಿಸಿ ಪ್ರಾಥಮಿಕ ಶಾಲೆಯೂ ಶುರುವಾಗಿತ್ತು.

ಅವನು ಯಾರ ಸರ್ಟಿಫಿಕೇಟಿಗೂ ಕಾಯಲಿಲ್ಲ. ಅಜ್ಜನ ಮುಂದೆ ಕೂತು ಮಾತು ಶುರುಮಾಡಿದ, ಅಷ್ಟೇ.

ಗೆಳೆಯರೇ, ಕೇಳೋದು ಎರಡೇ. ಮುಂದಿನ ಸಲ ಒಬ್ಬ ಸಿದ್ದಿಯನ್ನು ಕಂಡಾಗ "ಯಾವ ದೇಶ" ಅನ್ನಬೇಡಿ, "ಯಾವೂರು" ಅನ್ನಿ. ಪಕ್ಕದಲ್ಲಿ ಯಾರಾದರೂ ಕೇಳಿದರೆ ಅಲ್ಲೇ ತಡೆಯಿರಿ. ಮತ್ತೆ, ಹೊಂಡುರಾಸ್‌ನ ಆ ನಾಲ್ವರು ಎಲ್ಲಿ ಅನ್ನೋ ಪ್ರಶ್ನೆ ಕನ್ನಡದಲ್ಲೂ ಒಂದು ಸಲ ಕೇಳಿಸಲಿ. ಅದಕ್ಕಾದರೂ ಇದನ್ನು ಹಂಚಿ.